ಅಳತೆ ಬ್ಲೌಸ್ ಒಲ್ಲದ ಹಾಲಮ್ಮಕ್ಕ

ವಿನೋಬನಗರದ ನಮ್ಮ ಅಡ್ಡರಸ್ತೆಯಲ್ಲಿ ಟೈಲರ್ ಹಾಲಮ್ಮಕ್ಕನ ಮನೆಯ ಬಾಗಿಲಿಗೆ ರಟ್ಟಿನ ಬೋರ್ಡೊಂದು ತೂಗುತ್ತಿತ್ತು. ನೀಲಿ ಸ್ಕೆಚ್ ಪೆನ್ನಿನಲ್ಲಿ, ಮೇಲೆ ಕೆಳಗೆ ಓಡುವ ಅಕ್ಷರದಲ್ಲಿ ಬರೆದದ್ದು ಎರಡೇ ಮಾತು: "ಅಳತೆ ಜಂಪರ್ ತರಬ್ಯಾಡ್ರಿ. ಮೈ ತರ್ರಿ."

ಹಳಬರ ಬಾಯಲ್ಲಿ ಬ್ಲೌಸಿಗೆ ಜಂಪರ್ ಅಂತ ಹೆಸರು. ಅದನ್ನು ಓದಿದ ಗಂಡಸರು ಕಂಡರೂ ಕಾಣದವರ ಹಾಗೆ ಮುಂದೆ ಹೋಗುತ್ತಿದ್ದರು. ಹೊಸದಾಗಿ ಬಂದ ಹೆಂಗಸರು ಸೆರಗು ಬಾಯಿಗೆ ಹಿಡಿದು ನಗುತ್ತಿದ್ದರು. ನಾನು ಮಾತ್ರ ಮೊದಲ ಸಲ ಓದಿದಾಗ ಸಿಟ್ಟಾದೆ. ನೀನು ಸಿಟ್ಟಾಗದೇ ಇರುವ ವಿಷಯ ಯಾವುದಾದರೂ ಐತೇನು ಅಂತ ನಮ್ಮ ಮನೆಯವರು ಕೇಳುತ್ತಾರೆ, ಅದು ಬೇರೆ ಮಾತು. ಆದರೂ ನಮ್ಮ ಪಾತ್ರೆ ಅಂಗಡಿಯ ದುಡ್ಡಿನ ಗಲ್ಲೆಯ ಮುಂದೆ ಇಪ್ಪತ್ತು ವರ್ಷ ಕೂತವಳು ನಾನು. ಗಿರಾಕಿಗೆ ಅದು ತರಬೇಡ, ಇದು ತಾ ಅಂತ ಬಾಗಿಲಲ್ಲೇ ಹುಕುಂ ಮಾಡಿದರೆ ವ್ಯಾಪಾರ ಹೆಂಗೆ ಆದೀತು ಅಂತ ನನ್ನ ತಕರಾರು.

ನಮ್ಮ ಕಡೆ ಹೆಂಗಸರು ಟೈಲರ್ ಮುಂದೆ ನಿಂತು ಅಳತೆ ಕೊಡುವುದು ಅಪರೂಪ. ಮೈಗೆ ಸರಿಯಾಗಿ ಕೂತ ಒಂದು ಹಳೆ ಬ್ಲೌಸನ್ನು ಹೊಸ ಬಟ್ಟೆಯ ಜೊತೆ ಚೀಲಕ್ಕೆ ಹಾಕಿ ಕಳಿಸಿದರೆ ಮುಗಿಯಿತು. ನಾಚಿಕೆಯ ಮಾತಿಲ್ಲ, ಹೊತ್ತೂ ಹೋಗುವುದಿಲ್ಲ. ಮೈ ಬಂದಿದ್ದರೆ ಪಕ್ಕದ ಹೊಲಿಗೆ ಒಂದೆಳೆ ಬಿಚ್ಚಿಕೊಂಡರಾಯಿತು. ನನ್ನ ಅಳತೆ ಬ್ಲೌಸಿಗೆ ಆಗ ಹನ್ನೊಂದು ವರ್ಷ ವಯಸ್ಸು. ಅದನ್ನೇ ಹಿಡಿದುಕೊಂಡು ಹಾಲಮ್ಮಕ್ಕನ ಬಾಗಿಲಿಗೆ ಹೋದೆ.

ಆಕೆ ಮಷಿನ್ನಿನಿಂದ ತಲೆ ಎತ್ತಿ ಅದನ್ನು ಎರಡು ಬೆರಳಲ್ಲಿ ಎತ್ತಿ ನೋಡಿದಳು. "ಇದನ್ನ ನೋಡಿ ಹೊಲಿದ್ರೆ ಇದಕ್ಕೆ ಜೋಡಿ ಆಗ್ತೈತೆ. ತೊಡೋರು ನೀವಲ್ಲೇನ್ರಿ?" ಅಂದಳು.

"ಎಲ್ಲಾ ಟೈಲರೂ ಹಿಂಗೇ ಹೊಲಿತಾರೆ," ಅಂದೆ.

"ಹೊಲೀಲಿ ಬಿಡ್ರಿ. ನಂಗೆ ಬರೋದಿಲ್ಲ."

ಚೀಲ ಕಸಿದುಕೊಂಡು ಬಂದೆ. ಮಾರುಕಟ್ಟೆಯ ಇನ್ನೊಬ್ಬ ಟೈಲರ್ ಹತ್ತಿರ ಕೊಟ್ಟೆ. ಅವನು ಹನ್ನೊಂದು ವರ್ಷದ ಹಿಂದಿನ ನನಗೆ ಚೊಲೋ ಹೊಲಿದುಕೊಟ್ಟ. ನಾದಿನಿಯ ಗೃಹಪ್ರವೇಶದ ದಿನ ರೇಷ್ಮೆ ಬ್ಲೌಸಿನ ಕಂಕುಳು ಟರ್ ಅಂತ ಹರಿದು, ಊಟ ಬಡಿಸಲು ಹೋಗದೆ ಒಂದು ಮೂಲೆಯಲ್ಲಿ ಕೈ ಮಡಚಿಕೊಂಡು ಕೂತೆ. ಮರುದಿನ ಮುಖ ಸಣ್ಣದು ಮಾಡಿಕೊಂಡು ಹಾಲಮ್ಮಕ್ಕನ ಮನೆಗೆ ಹೋದೆ. ಹಿಂದಿನದ್ದೇನೂ ಎತ್ತಾಡಲಿಲ್ಲ ಪುಣ್ಯಾತ್ಗಿತ್ತಿ. "ಬರ್ರಿ, ಬೆಳಕಿಗೆ ನಿಂತ್ಕೊಳ್ರಿ," ಅಂದಳು, ಅಷ್ಟೆ.

ಹಾಲಮ್ಮಕ್ಕನ ತವರು ಕೊಕ್ಕನೂರು, ಹರಿಹರ ತಾಲ್ಲೂಕು. ಮದುವೆಯಾಗಿ ದಾವಣಗೆರೆಗೆ ಬಂದವಳು. ಗಂಡ ಮಿಲ್ಲಿನಲ್ಲಿ ಇದ್ದ, ಮಿಲ್ಲು ಮುಚ್ಚಿದ ಮೇಲೆ ಬಹಳ ದಿನ ಬದುಕಲಿಲ್ಲ. ಏಳನೇ ಇಯತ್ತೆಗೆ ಶಾಲೆ ಬಿಟ್ಟಿದ್ದ ಆಕೆ ಹೊಲಿಗೆ ಕಲಿತು ಮನೆ ನಡೆಸಿದಳು. ಕುಳ್ಳಗೆ, ಗಟ್ಟಿಮುಟ್ಟು, ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಟೇಪು. ಆ ಟೇಪು ಕೊರಳಿಂದ ಇಳಿದದ್ದನ್ನು ನಾನು ನೋಡಿದ್ದು ಅಳತೆ ತೆಗೆಯುವಾಗ ಮಾತ್ರ.

ಆಕೆ ಅಳತೆ ತೆಗೆಯುವ ರೀತಿಯೇ ಬೇರೆ. ಪರದೆ ಎಳೆದು, ಕಿಟಕಿಯ ಬೆಳಕಿಗೆ ನಮ್ಮನ್ನು ನಿಲ್ಲಿಸಿ, ಮೊದಲು ಒಂದು ನಿಮಿಷ ಸುಮ್ಮನೆ ನೋಡುತ್ತಿದ್ದಳು. ಬೇರೆ ಟೈಲರುಗಳು ಒಂದು ತೋಳು ಅಳೆದರೆ ಇನ್ನೊಂದನ್ನು ಅದರಂತೆಯೇ ಕತ್ತರಿಸುತ್ತಾರೆ. ಈಕೆ ಎಡಗಡೆ ಬೇರೆ, ಬಲಗಡೆ ಬೇರೆ. ಎರಡು ತೋಳು, ಎರಡು ಹೆಗಲು, ಎದೆಯ ಎರಡೂ ಬದಿ ಮಧ್ಯದ ಗೆರೆಯಿಂದ ಬೇರೆ ಬೇರೆ. "ದೇವರು ಎರಡೂ ಕಡೆ ಒಂದೇ ಅಳತೆಗೆ ಹೊಲಿದಿಲ್ರಿ. ಟೈಲರು ಹೊಲಿದ್ರೆ ತಪ್ಪಾಗ್ತೈತೆ," ಅನ್ನುತ್ತಿದ್ದಳು. ಆಮೇಲೆ ದಪ್ಪ ರಟ್ಟಿನ ನೋಟ್‌ಬುಕ್ಕಿನಲ್ಲಿ ಬರೆಯುವುದು. ಒಬ್ಬರಿಗೆ ಒಂದು ಪುಟ, ಪ್ರತಿ ಸಲಕ್ಕೆ ಒಂದು ಸಾಲು. ಹಳೆಯ ಸಾಲನ್ನು ಎಂದೂ ಹೊಡೆದು ಹಾಕುತ್ತಿರಲಿಲ್ಲ. ಕೆಲವರದ್ದು ಮದುವೆಗೆ ಮುಂಚಿನಿಂದ ಮೊಮ್ಮಕ್ಕಳಾಗುವ ತನಕ ಸಾಲುಸಾಲಾಗಿ ಇಳಿದಿರುತ್ತಿತ್ತು. ಬಸುರು, ಬಾಣಂತನ, ಜ್ವರ, ಗಂಡ ಸತ್ತ ವರ್ಷ ಊಟ ಬಿಟ್ಟದ್ದು, ಎಲ್ಲಾ ಅಲ್ಲಿ ಇಂಚಿನಲ್ಲಿ ಇತ್ತು.

ಈ ಸಾಲುಗಳನ್ನು ನೋಡಿ ಆಕೆ ಏನೇನು ಹೇಳುತ್ತಿದ್ದಳು ಅಂತ ನೆನೆದರೆ ಈಗಲೂ ನನಗೆ ಮೈ ಜುಂ ಅನ್ನುತ್ತದೆ. "ಕೊರಳು ಅರ್ಧ ಇಂಚು ಜಾಸ್ತಿ ಆಗೈತೆ, ಮೈ ಬಂದಿಲ್ಲ. ಬರೀ ಕೊರಳು ಯಾಕ ಬರ್ತೈತೆ? ತೋರಿಸಿ ಬರ್ರಿ," ಅಂತ ಒಬ್ಬರಿಗೆ. ಹೋಗಿ ತೋರಿಸಿದರೆ ಥೈರಾಯ್ಡು. "ಎರಡು ತಿಂಗಳಾಗೆ ಇಷ್ಟು ಇಳಿದೀರಿ, ಊಟ ಸರಿ ಮಾಡ್ತೀನಿ ಅಂತೀರಿ. ನೀರು ಬಾಳ ಕುಡಿತೀರೇನು?" ಅಂತ ಇನ್ನೊಬ್ಬರಿಗೆ. ಅವರಿಗೆ ಸಕ್ಕರೆ ಮುನ್ನೂರರ ಮೇಲೆ ಹೋಗಿತ್ತು. ಹಾಗಂತ ತಾನು ರೋಗ ಕಂಡುಹಿಡಿದೆ ಅಂತ ಒಂದು ದಿನವೂ ಜಂಬ ಕೊಚ್ಚಲಿಲ್ಲ. ಯಾರಾದರೂ ಹೊಗಳಿದರೆ ಕೈ ಅಡ್ಡ ಆಡಿಸುತ್ತಿದ್ದಳು. "ನಂದು ಟೇಪು ಅಷ್ಟೇರಿ. ಟೇಪಿಗೆ ರೋಗ ಗೊತ್ತಾಗಲ್ಲ. ಬದಲಾಗಿದ್ದು ಗೊತ್ತಾಗ್ತೈತೆ. ಯಾಕ ಬದಲಾತು ಅಂತ ಹೇಳೋರು ಬ್ಯಾರೆ ಅದಾರೆ."

ಆ ಬೇರೆಯವರು ಯಾರು ಅನ್ನುವುದೇ ಆಕೆಯ ನಿಜವಾದ ವಿದ್ಯೆ. ನಮ್ಮೂರಲ್ಲಿ ಡಾಕ್ಟರುಗಳಿಗೆ ಬರವೇ? ಒಂದೊಂದು ರಸ್ತೆಗೆ ಹತ್ತು ಬೋರ್ಡು. ಜಿಮ್ಮು, ಯೋಗ, ಪುಡಿ, ಕಷಾಯ, ಮೊಬೈಲಿನಲ್ಲಿ ಉಪದೇಶ ಮಾಡುವವರು ಬೇರೆ. ಅದರಲ್ಲಿ ಯಾರನ್ನು ನಂಬುವುದು ಅಂತ ಕೇಳಿದರೆ ಓದಿದವರಿಗೇ ಗೊತ್ತಿಲ್ಲ. ಹಾಲಮ್ಮಕ್ಕ ನೋಟ್‌ಬುಕ್ಕಿನ ಕೊನೆಯ ಪುಟಗಳಲ್ಲಿ ಹೆಸರು ಬರೆದಿಟ್ಟುಕೊಂಡಿದ್ದಳು. ಆ ಹೆಸರು ಅಲ್ಲಿಗೆ ಸೇರುವುದು ಸುಲಭ ಇರಲಿಲ್ಲ. ಡಾಕ್ಟರ್ ಹತ್ತಿರ ಹೋಗಿ ಬಂದವರನ್ನು ಆಕೆ ಬಿಡದೆ ಕೇಳುತ್ತಿದ್ದಳು. "ಮುಟ್ಟಿ ನೋಡಿದ್ರಾ, ಬರೀ ಚೀಟಿ ಬರದ್ರಾ? ನೀವು ಹೇಳೋದು ಮುಗಿಯೋ ತನಕ ಕೇಳಿದ್ರಾ?" ಆಮೇಲೆ ಒಂದು ವಿಚಿತ್ರ ಪ್ರಶ್ನೆ: "ಗೊತ್ತಿಲ್ಲ ಅಂತ ಏನಾರ ಅಂದ್ರಾ?"

"ಗೊತ್ತಿಲ್ಲ ಅನ್ನೋ ಡಾಕ್ಟರ್ ಹತ್ರ ಯಾರು ಹೋಗ್ತಾರೆ ಹಾಲಮ್ಮಕ್ಕ?" ಅಂತ ನಾನೇ ಒಮ್ಮೆ ನಕ್ಕಿದ್ದೆ.

"ಎಲ್ಲಾ ಗೊತ್ತು ಅನ್ನೋರ ಹತ್ರ ನಾ ಹೋಗಲ್ರಿ. ಬಟ್ಟೆ ನೋಡದೇ ಎರಡು ಮೀಟರ್ ಸಾಕು ಅನ್ನೋ ಟೈಲರ್ ಇದ್ದಂಗೆ ಅವರು."

ಅಷ್ಟಕ್ಕೂ ಆಕೆ ಬಿಡುತ್ತಿರಲಿಲ್ಲ. ಸೋಮವಾರ ಅಂಗಡಿ ರಜ. ಆ ದಿನ ಹೆಸರು ಕೇಳಿದ ಡಾಕ್ಟರ್ ಹತ್ತಿರ ತಾನೇ ಹೋಗಿ, ಕಾಯುವ ಬೆಂಚಿನ ಮೇಲೆ ಕೈಚೀಲ ತೊಡೆಯ ಮೇಲಿಟ್ಟುಕೊಂಡು ರೋಗಿಯ ಹಾಗೆ ಕೂರುತ್ತಿದ್ದಳು. ಒಳಗೆ ಹೋದವರು ಎಷ್ಟು ಹೊತ್ತಿಗೆ ಹೊರಗೆ ಬರುತ್ತಾರೆ, ಬರುವಾಗ ಮುಖ ಹೆಂಗಿರುತ್ತದೆ, ಹಳ್ಳಿಯಿಂದ ಬಂದ ಮುದುಕಿಯನ್ನು ಕಾಂಪೌಂಡರ್ ಏನಂತ ಕರೆಯುತ್ತಾನೆ, ಎಲ್ಲಾ ನೋಡುವುದು. ತನ್ನ ಸರದಿ ಬಂದಾಗ ಎದ್ದು ಹೊರಟುಬಿಡುವುದು. ಹೀಗೆ ಎಷ್ಟು ಸೋಮವಾರ ಕಳೆದಳೋ. ಯಾರೂ ಹೇಳಿರಲಿಲ್ಲ, ಯಾರೂ ಕೇಳಿರಲಿಲ್ಲ. ತನ್ನ ಗಿರಾಕಿಗಳನ್ನು ಎಲ್ಲಿಗೆ ಕಳಿಸುತ್ತೇನೆ ಅನ್ನುವುದು ಆಕೆಗೆ ತಿಳಿದಿರಬೇಕಿತ್ತು. ಒಬ್ಬ ಡಾಕ್ಟರು ಬಹಳ ವರ್ಷ ಆ ಪಟ್ಟಿಯಲ್ಲಿ ಇದ್ದು, ಆಮೇಲೆ ತಮ್ಮ ಮೇಜಿನ ಮೇಲೇ ಡಬ್ಬಿ ಇಟ್ಟು ಏನೋ ಟಾನಿಕ್ಕು ಮಾರಲು ಶುರು ಮಾಡಿದರಂತೆ. ಮುಂದಿನ ಸೋಮವಾರ ಹೋಗಿ ಕಣ್ಣಾರೆ ನೋಡಿ ಬಂದು ಹೆಸರು ಹೊಡೆದು ಹಾಕಿದಳು.

ನನ್ನ ನೆಗೆಣ್ಣಿ ಸುನಂದ, ಅಂದರೆ ನಮ್ಮ ಮೈದುನನ ಹೆಂಡತಿ, ಒಂದು ವರ್ಷ ತೂಕ ಇಳಿಸುವ ಪುಡಿಯ ಹಿಂದೆ ಬಿದ್ದಿದ್ದಳು. ಬೆಳಿಗ್ಗೆ ಒಂದು ಲೋಟ, ರಾತ್ರಿ ಒಂದು ಲೋಟ, ನಡುವೆ ಏನೂ ಇಲ್ಲ. ಅದನ್ನು ಮಾರುವ, ಎದೆಗೆ ಬಿಲ್ಲೆ ಸಿಕ್ಕಿಸಿಕೊಂಡ ಒಬ್ಬ ದೊಡ್ಡ ಮನುಷ್ಯ ವಾರವಾರ ತೂಕ ಹಾಕಿ, ಎಲ್ಲರ ಮುಂದೆ ಚಪ್ಪಾಳೆ ಹೊಡೆಸುತ್ತಿದ್ದನಂತೆ. ಒಂಬತ್ತು ಕೆ.ಜಿ. ಇಳಿದೆ ಅಂತ ಕುಣಿಯುತ್ತಾ ಬ್ಲೌಸ್ ಬಿಗಿ ಮಾಡಿಸಲು ಹಾಲಮ್ಮಕ್ಕನ ಹತ್ತಿರ ಬಂದಳು. ನಾನೂ ಜೊತೆಗಿದ್ದೆ. ಹಾಲಮ್ಮಕ್ಕ ಅಳೆದಳು, ಹಳೆ ಸಾಲು ನೋಡಿದಳು, ಮತ್ತೊಮ್ಮೆ ಅಳೆದಳು.

"ಸೊಂಟ ಒಂದು ಇಂಚು ಇಳಿದೈತೆ. ತೋಳು ಯಾಕ ಒಂದೂವರೆ ಇಳಿದೈತೆ? ಮೆಟ್ಲು ಹತ್ತಿದ್ರೆ ಕಾಲು ನಡುಗ್ತಾವೇನು?"

ಸುನಂದಳ ನಗು ನಿಂತಿತು. ಕೊಡ ಎತ್ತಲು ಆಗುತ್ತಿಲ್ಲ ಅಂತ ನನಗೂ ಹೇಳಿರಲಿಲ್ಲ ಅವಳು. "ಆದ್ರೆ ತೂಕ ಹಾಕಿ ನೋಡಿದಾರೆ ಅಕ್ಕ," ಅಂದಳು.

"ತೂಕ ಮೂಟೆಗೂ ಹಾಕ್ತಾರ್ರಿ. ನಿಮ್ಮ ತೋಳು ಯಾರು ನೋಡಿದ್ರು? ಏನಾಗೈತೆ ಅಂತ ನಂಗೆ ಗೊತ್ತಿಲ್ಲ. ಗೊತ್ತಿದ್ದೋರ ಹತ್ರ ಕಳಸ್ತೀನಿ, ಹೋಗ್ರಿ."

ಕಳಿಸಿದ್ದು ಹರಿಹರಕ್ಕೆ. ಅಲ್ಲಿ ಹೆಣ್ಣುಮಕ್ಕಳ ಶಾಲೆಯಲ್ಲಿ ದೈಹಿಕ ಶಿಕ್ಷಣದ ಟೀಚರ್ ಆಗಿ ರಿಟೈರ್ ಆದ ಒಬ್ಬರು ಇದ್ದರು. ಡ್ರಿಲ್ ಮೇಡಂ ಅಂತಲೇ ಎಲ್ಲರೂ ಕರೆಯುವುದು. ಬೆಳಿಗ್ಗೆ ತಮ್ಮ ಅಂಗಳದಲ್ಲಿ ಹೆಂಗಸರಿಗೆ ವ್ಯಾಯಾಮ ಹೇಳಿಕೊಡುತ್ತಿದ್ದರು. ಅವರು ಸುನಂದಳಿಗೆ ಮೊದಲು ರಕ್ತಪರೀಕ್ಷೆ ಮಾಡಿಸಿಕೊಂಡು ಬಾ, ಡಾಕ್ಟರ್ ಹೂಂ ಅಂದಮೇಲೆ ಅಂಗಳಕ್ಕೆ ಬಾ ಅಂದರಂತೆ. ಆಮೇಲೆ ಬೇಳೆ, ಕಾಳು, ಮೊಸರು ತಿನ್ನಿಸಿ, ನೀರು ತುಂಬಿದ ಎರಡು ಬಾಟಲಿ ಕೈಗೆ ಕೊಟ್ಟು ಎತ್ತಿಸಿದರು. ಎಂಟು ತಿಂಗಳಿಗೆ ಸುನಂದಳ ತೋಳು ಹಳೆಯ ಸಾಲಿಗೆ ಬಂತು, ಸೊಂಟ ಮತ್ತೂ ಇಳಿಯಿತು. ಪುಡಿಯ ಡಬ್ಬಿಯಲ್ಲಿ ಈಗ ಅವಳು ಸಾಸಿವೆ ತುಂಬಿಟ್ಟಿದ್ದಾಳೆ.

ಇಷ್ಟೆಲ್ಲಾ ಕಣ್ಣಾರೆ ನೋಡಿದವಳು ನಾನು. ನೋಡಿಯೂ ನಾನು ಮಾಡಿದ ಕೆಲಸ ಕೇಳಿ.

ಒಂದು ದೀಪಾವಳಿಯ ಮುಂಚೆ ಸ್ನಾನ ಮಾಡುವಾಗ ಎದೆಯ ಎಡಗಡೆ, ಕಂಕುಳಿನ ಕಡೆಗೆ, ಬಟಾಣಿ ಕಾಳಿನಷ್ಟು ಗಂಟು ಕೈಗೆ ತಗುಲಿತು. ನೋವಿಲ್ಲ, ಏನಿಲ್ಲ. ಬಚ್ಚಲಲ್ಲಿ ಎಷ್ಟು ಹೊತ್ತು ನಿಂತಿದ್ದೆನೋ, ಹಂಡೆಯ ನೀರು ಆರಿಹೋಗಿತ್ತು. ಹದಡಿಯ ನಮ್ಮ ಚಿಕ್ಕಮ್ಮನಿಗೂ ಹೀಗೇ ಆಗಿತ್ತು. ಆಸ್ಪತ್ರೆಗೆ ಕರೆದುಕೊಂಡು ಹೋದರು, ಆಪರೇಷನ್ ಆಯಿತು, ನಾಲ್ಕು ತಿಂಗಳಿಗೆ ಹೋದಳು. "ಕತ್ತರಿ ತಾಗಿದ್ದಕ್ಕೇ ಹರಡಿತು, ಮುಟ್ಟದೆ ಬಿಟ್ಟಿದ್ರೆ ಇನ್ನೂ ಇರ್ತಿದ್ಲು" ಅಂತ ನಮ್ಮ ಕಡೆಯವರೆಲ್ಲಾ ಅಂದರು. ಆ ಮಾತು ನನ್ನ ತಲೆಯಲ್ಲಿ ಕೂತಿತ್ತು. ಮನೆಯವರಿಗೆ ಹೇಳಿದರೆ ಆ ಕ್ಷಣವೇ ಆಸ್ಪತ್ರೆಗೆ ಎಳೆದುಕೊಂಡು ಹೋಗುತ್ತಾರೆ. ಅದಕ್ಕೇ ಹೇಳಲಿಲ್ಲ. ಮುಟ್ಟದೆ ಬಿಟ್ಟರೆ ಅದು ತನ್ನ ಪಾಡಿಗೆ ಇರುತ್ತದೆ ಅಂತ ನನಗೆ ನಾನೇ ಹೇಳಿಕೊಂಡೆ.

ಮುಚ್ಚಿಡಲು ಒಬ್ಬಳ ಭಯ ಮಾತ್ರ ಇತ್ತು. ದೀಪಾವಳಿಗೆ ಹಾಲಮ್ಮಕ್ಕನ ಹತ್ತಿರ ಬ್ಲೌಸ್ ಕೊಡಲಿಲ್ಲ. ಯುಗಾದಿಗೂ ಕೊಡಲಿಲ್ಲ. ಬೀರುವಿನ ತಳದಿಂದ ಹಳೆ ಬ್ಲೌಸ್ ಒಂದನ್ನು ತೆಗೆದು, ಮಾರುಕಟ್ಟೆಯ ಅದೇ ಟೈಲರ್‌ಗೆ ಕಳಿಸಿದೆ. ಚೀಲದಲ್ಲಿ ಬಟ್ಟೆ ಹೋಯಿತು, ಹೊಲಿದು ಬಂತು, ಯಾರೂ ನನ್ನನ್ನು ಮುಟ್ಟಲಿಲ್ಲ. ಬೀದಿಯಲ್ಲಿ ಹಾಲಮ್ಮಕ್ಕನ ಬಾಗಿಲು ದಾಟಬೇಕಾದರೆ ಎದುರು ಬದಿಯಿಂದ ಹೋಗುತ್ತಿದ್ದೆ. ಐವತ್ತರ ಹತ್ತಿರದ ಹೆಂಗಸು, ಕಳ್ಳಿಯ ಹಾಗೆ.

ಯುಗಾದಿ ಕಳೆದು ವಾರಕ್ಕೆ ಹಾಲಮ್ಮಕ್ಕ ನಮ್ಮ ಅಂಗಡಿಗೇ ಬಂದಳು. ಎಂದೂ ಬಂದವಳಲ್ಲ. ಒಂದು ತಪ್ಪಲೆ ಬೇಕು, ಮೇಲಿನ ಸಾಲಿನದು ತೋರಿಸ್ರಿ ಅಂದಳು. ಗಂಟು ಅಲುಗೀತು ಅಂತ ಎಡಗೈ ಮೈಗೆ ಒತ್ತಿಕೊಂಡು, ನಾನು ಬಲಗೈಯಲ್ಲೇ ಎತ್ತಿ ಇಳಿಸಿದೆ. ಪಕ್ಕದ್ದು ತೋರಿಸ್ರಿ ಅಂದಳು. ಅದನ್ನೂ ಬಲಗೈಯಲ್ಲೇ ಇಳಿಸಿದೆ. ತಪ್ಪಲೆಯ ಕಡೆ ಆಕೆ ನೋಡಲೇ ಇಲ್ಲ.

"ಎಡಗೈ ಯಾಕ ಎತ್ತವಲ್ರಿ?" ಅಂದಳು.

ಅಂಗಡಿಯಲ್ಲಿ ಬೇರೆ ಗಿರಾಕಿಗಳಿದ್ದರು. ಹೆದರಿದಾಗ ನನಗೆ ಮೊದಲು ಬರುವುದು ಸಿಟ್ಟು. "ತಗೊಳ್ಳೋದಿದ್ರೆ ತಗೊಳ್ರಿ, ಇಲ್ಲಾಂದ್ರೆ ನಿಮ್ಮ ಹೊಲಿಗೆ ನೀವು ನೋಡ್ಕೊಳ್ರಿ. ನನ್ನ ಕೈ ನಿಮಗೆ ಯಾಕ?" ಅಂದೆ. ಎಲ್ಲರೂ ತಿರುಗಿ ನೋಡಿದರು. ಹಾಲಮ್ಮಕ್ಕ ತಪ್ಪಲೆ ಪಕ್ಕಕ್ಕೆ ಸರಿಸಿ ಕಟ್ಟೆ ಇಳಿದು ಹೋದಳು.

ಮರುದಿನ ಬೆಳಿಗ್ಗೆ ನಾವು ಶಟರ್ ಎತ್ತುವ ಹೊತ್ತಿಗೆ ಅಂಗಡಿಯ ಕಟ್ಟೆಯ ಮೇಲೆ ಕೂತಿದ್ದಳು. ಒಳಗೆ ಬರಲಿಲ್ಲ. ಒಂದು ತಾಸು ಕೂತು ಎದ್ದು ಹೋದಳು. ಅದರ ಮರುದಿನವೂ ಹಾಗೆಯೇ. ಮದುವೆ ಸೀಸನ್ನಿನ ಆರ್ಡರ್ ಮುಗಿದಿಲ್ಲ, ಮನೆಯಲ್ಲಿ ಬಟ್ಟೆಯ ರಾಶಿ ಬಿದ್ದಿರುತ್ತದೆ ಅಂತ ನನಗೆ ಗೊತ್ತಿತ್ತು. ಮನೆಯವರು, "ಯಾಕ, ಹಾಲಮ್ಮ ಏನಾರ ಕೇಳಾಕೆ ಬಂದಾಳೇನು?" ಅಂದರು. ಏನಿಲ್ಲ ಅಂದೆ. ಮೂರನೇ ದಿನ, ಭಾನುವಾರವೂ, ಆಕೆ ಕಟ್ಟೆಯ ಮೇಲೆ ಕೂತಿದ್ದಳು. ಗಲ್ಲೆ ಮನೆಯವರ ಕೈಗೆ ಬಿಟ್ಟು ಇಳಿದು ಹೋದೆ. ಇಬ್ಬರೂ ವಿನೋಬನಗರದ ತನಕ ನಡೆದೆವು.

ಪರದೆ ಎಳೆದಳು. ಬೆಳಕಿಗೆ ನಿಲ್ಲಿಸಿದಳು. ಬಲಗಡೆ ಅಳೆದು ಬರೆದಳು. ಎಡಗಡೆ ಅಳೆದು ಬರೆಯಲಿಲ್ಲ. ಮತ್ತೆ ಅಳೆದಳು. ಆಕೆಯ ಬೆರಳು ಆ ಜಾಗಕ್ಕೆ ಬಂದು ನಿಂತಿತು, ಮೆಲ್ಲಗೆ ಹಿಂದೆ ಸರಿಯಿತು.

"ಎಷ್ಟು ದಿನ ಆತು?"

"ದೀಪಾವಳಿ ಮುಂಚೆ."

ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ನಾನೂ ಬೈದು ಎದ್ದು ಬರುತ್ತಿದ್ದೆನೇನೋ. ಆಕೆ ನನ್ನ ಸೆರಗು ಸರಿ ಮಾಡಿ, "ನಾಳೆ ಸೋಮವಾರ. ನಂಗೆ ರಜ. ಹರಿಹರಕ್ಕೆ ಹೋಗಿ ಬರೋಣ," ಅಂದಳು.

"ಸುತ್ತಲ ಊರಿನೋರೆಲ್ಲಾ ದಾವಣಗೆರೆ ಡಾಕ್ಟ್ರಿಗೆ ಬರ್ತಾರೆ. ನಾವು ಹರಿಹರಕ್ಕಾ?"

"ಹೂಂ. ಅಲ್ಲಿ ಒಬ್ಬ ಡಾಕ್ಟರಮ್ಮ ಅದಾರೆ. ತಮ್ಮ ಕೈಲಿ ಆಗದ್ದನ್ನ ತಮ್ಮ ಹತ್ರ ಇಟ್ಕೊಳ್ಳೋದಿಲ್ಲ. ಎಲ್ಲಿಗೆ ಹೋಗ್ಬೇಕು ಅಂತ ಅವರು ಹೇಳಿದ್ರೆ ಅಲ್ಲಿಗೆ ಹೋಗೋದು. ನಾ ಹೇಳಿದಲ್ಲಿಗೆ ಅಲ್ಲ, ನಿಮ್ಮ ಮನೆಯೋರು ಹೇಳಿದಲ್ಲಿಗೂ ಅಲ್ಲ."

ಆ ರಾತ್ರಿ ಮನೆಯವರಿಗೆ ಹೇಳಿದೆ. ಮರುದಿನ ಮೂವರೂ ಹೋದೆವು. ಸಣ್ಣ ಆಸ್ಪತ್ರೆ, ಹೊರಗೆ ಬೇವಿನ ಮರ, ಬೆಂಚಿನ ಮೇಲೆ ಹಳ್ಳಿಯವರು. ಡಾಕ್ಟರಮ್ಮ ನಾನು ಹೇಳುವುದು ಮುಗಿಯುವ ತನಕ ಪೆನ್ನು ಎತ್ತಲಿಲ್ಲ. ಮುಟ್ಟಿ ನೋಡಿದರು. ಆಮೇಲೆ ಎದುರಿಗೆ ಕೂತು ಹೇಳಿದರು: "ಇದು ಏನು ಅಂತ ನನ್ನ ಬೆರಳಿಗೆ ಗೊತ್ತಾಗೋದಿಲ್ಲ. ಸೂಜಿ ಹಾಕಿ ಪರೀಕ್ಷೆ ಮಾಡಿದ್ರೇ ಗೊತ್ತಾಗೋದು. ಅದು ನನ್ನಲ್ಲಿ ಆಗಲ್ಲ. ದಾವಣಗೆರೇಲಿ ಒಬ್ಬ ಸರ್ಜನ್ನಿಗೆ ಪತ್ರ ಕೊಡ್ತೀನಿ."

ನಾನು ಚಿಕ್ಕಮ್ಮನ ಕಥೆ ತೆಗೆದೆ. ಕತ್ತರಿ ತಾಗಿದರೆ ಹರಡುತ್ತದಂತಲ್ಲ ಅಂದೆ.

"ನಿಮ್ಮ ಚಿಕ್ಕಮ್ಮ ಎಷ್ಟು ದಿನ ಮುಚ್ಚಿಟ್ಟಿದ್ರು?" ಅಂತ ಕೇಳಿದರು.

"ಎರಡು ವರ್ಷ ಅಂತ ಆಮೇಲೆ ಗೊತ್ತಾತು."

"ಹಂಗಾದ್ರೆ ಅವರನ್ನ ಕತ್ತರಿ ಕೊಂದಿಲ್ಲಮ್ಮ. ಹರಡಿದ ಮೇಲೆ ಕತ್ತರಿ ಬಂತು," ಅಂದರು. ಇಷ್ಟು ವರ್ಷದಲ್ಲಿ ಈ ಒಂದು ಮಾತನ್ನು ನಮಗೆ ಯಾರೂ ಹೇಳಿರಲಿಲ್ಲ. ನಾವೂ ಕೇಳಿರಲಿಲ್ಲ.

ಹರಿಹರದ ಬಸ್ ಸ್ಟ್ಯಾಂಡಿನಲ್ಲಿ ನನಗೆ ಅಳು ತಡೆಯಲಾಗಲಿಲ್ಲ. ಮನೆಯವರು ಚಹಾ ತರುತ್ತೇನೆ ಅಂತ ಆ ಕಡೆ ಹೋದರು, ಅವರೂ ಅಳಲಿಕ್ಕೇ ಹೋಗಿದ್ದು ಅಂತ ನನಗೆ ಗೊತ್ತು. ಹಾಲಮ್ಮಕ್ಕ ನನ್ನ ಪಕ್ಕ ಕೂತು, "ಅಳ್ರಿ. ಅಳೋದಕ್ಕೆ ಯಾರ ಚೀಟಿ ಬ್ಯಾಡ," ಅಂದಳು. ಸಮಾಧಾನದ ಮಾತು ಒಂದೂ ಆಡಲಿಲ್ಲ. ಏನೂ ಆಗಲ್ಲ ಅಂತ ಆಕೆ ಹೇಳಲಿಲ್ಲ, ಯಾಕೆಂದರೆ ಆಕೆಗೆ ಅದು ಗೊತ್ತಿರಲಿಲ್ಲ.

ಕ್ಯಾನ್ಸರ್ರೇ ಆಗಿತ್ತು. ಆದರೆ ದೂರ ಹೋಗಿರಲಿಲ್ಲ. ಇನ್ನು ಆರು ತಿಂಗಳು ಬಿಟ್ಟಿದ್ದರೆ ಈ ಮಾತು ಹೇಳುತ್ತಿರಲಿಲ್ಲ ಅಂದರು ಸರ್ಜನ್. ಎಡಗಡೆಯದನ್ನು ತೆಗೆದರು. ಔಷಧಿ ಏರಿಸಿ, ಕೂದಲು ಉದುರಿ, ಮತ್ತೆ ಬಂದು, ಅದೆಲ್ಲಾ ಒಂದು ದೊಡ್ಡ ಕಥೆ, ಈಗ ಬೇಡ.

ಗಾಯ ಮಾಗಿದ ಮೇಲೆ ಹಾಲಮ್ಮಕ್ಕನ ಹತ್ತಿರ ಹೋಗಲು ನನಗೆ ಧೈರ್ಯವಿರಲಿಲ್ಲ. ಮನೆಯಲ್ಲಿ ನೈಟಿಯ ಮೇಲೆ ಟವೆಲ್ ಹೊದ್ದು ಕೂರುತ್ತಿದ್ದೆ. ಆಕೆಯೇ ಬಂದಳು. ಪುಟ ತೆಗೆದು, ಹಳೆಯ ಸಾಲುಗಳ ಕೆಳಗೆ ಹೊಸ ಸಾಲು ಬರೆದಳು. ಎಡಗಡೆಯ ಅಳತೆ ತೆಗೆಯುವಾಗಲೂ ಮುಖದಲ್ಲಿ ಒಂದು ಗೆರೆ ಬದಲಾಗಲಿಲ್ಲ, ಎಂದಿನ ಹಾಗೆಯೇ ಟೇಪು ಬಿಗಿಯದಂತೆ ಬೆರಳು ಅದರ ಒಳಗೆ. ಹತ್ತು ದಿನ ಬಿಟ್ಟು ಬ್ಲೌಸ್ ತಂದಳು. ಒಳಗೆ ಎಡಗಡೆ ಮೆತ್ತಗಿನ ಒಂದು ದಿಂಬು. ಹತ್ತಿಯ ಒಳಗೆ ಸಣ್ಣ ಸಣ್ಣ ಚೀಲ ಮಾಡಿ ರಾಗಿ ತುಂಬಿದ್ದಳು.

"ಬರೀ ಹತ್ತಿ ಆದ್ರೆ ಹಗುರ ಆಗ್ತೈತ್ರಿ. ಭಾರ ಇಲ್ಲಾಂದ್ರೆ ಆ ಹೆಗಲು ಮೇಲಕ್ಕೆ ಹೋಗ್ತೈತೆ, ಬೆನ್ನು ಸೊಟ್ಟ ಆಗ್ತೈತೆ. ಆಸ್ಪತ್ರೆ ಸಿಸ್ಟರ್ ಹತ್ರ ಹೋಗಿ ಕೇಳ್ಕೊಂಡು ಬಂದೆ. ಮೂರು ಸಲ ಬಿಚ್ಚಿ ಹೊಲಿದೆ. ನಿಂತ್ಕೊಳ್ರಿ, ನೋಡೋಣ."

ಕನ್ನಡಿಯ ಮುಂದೆ ನಿಂತೆ. ಎರಡೂ ಹೆಗಲು ಒಂದೇ ಮಟ್ಟಕ್ಕೆ ಇದ್ದವು. ಆರು ತಿಂಗಳ ಮೇಲೆ ಮೊದಲ ಸಲ ಟವೆಲ್ ಇಲ್ಲದೆ ಪಡಸಾಲೆಗೆ ಬಂದೆ. ಆ ದಿನ ನಾನು ಹಾಲಮ್ಮಕ್ಕನ ಕಾಲಿಗೆ ಬಿದ್ದೆ, ಆಕೆ ಬೇಡ ಬೇಡ ಅಂದರೂ.

ಆಮೇಲೆ ತಿಂಗಳಿಗೊಮ್ಮೆ ನನ್ನ ಎರಡೂ ತೋಳು ಅಳೆಯುವ ರೂಢಿ ಇಟ್ಟುಕೊಂಡಳು. ಈ ಆಪರೇಷನ್ ಆದವರಿಗೆ ಕೈ ಬಾವು ಬರುತ್ತದೆ ಅಂತ ಸಿಸ್ಟರ್ ಹೇಳಿದ್ದರಂತೆ. ಒಂದು ತಿಂಗಳು ಎಡತೋಳು ಅರ್ಧ ಇಂಚು ಜಾಸ್ತಿ ಬಂತು. ನನಗೆ ಕಣ್ಣಿಗೂ ಕಾಣಲಿಲ್ಲ, ನೋವೂ ಇರಲಿಲ್ಲ. ಪುಟ ಹರಿದು ಕೈಗೆ ಕೊಟ್ಟು ಸರ್ಜನ್ ಹತ್ತಿರ ಕಳಿಸಿದಳು. ಅವರು ಆ ಪುಟವನ್ನು ಬಹಳ ಹೊತ್ತು ನೋಡಿದರು. "ಆಪರೇಷನ್‌ಗೆ ಮುಂಚಿನ ಅಳತೆನೂ ಐತಲ್ಲ ಇದರಲ್ಲಿ. ಯಾರು ತಗೊಂಡಿದ್ದು?" ಅಂದರು. ನಮ್ಮ ಟೈಲರ್ ಅಂದೆ. ಅವರು ಕನ್ನಡಕ ತೆಗೆದು ನನ್ನ ಮುಖ ನೋಡಿ, ಆ ಪುಟದ ಫೋಟೋ ತೆಗೆದುಕೊಂಡರು. ಬಾವು ಶುರುವಿನಲ್ಲೇ ಹಿಡಿತಕ್ಕೆ ಬಂತು. ಡ್ರಿಲ್ ಮೇಡಂ ಅಂಗಳದಲ್ಲಿ, ಸರ್ಜನ್ ಬರೆದುಕೊಟ್ಟ ವ್ಯಾಯಾಮ ಮಾಡಿ ಮಾಡಿ, ಈಗ ಎಡಗೈಯಲ್ಲೂ ಮೇಲಿನ ಸಾಲಿನ ತಪ್ಪಲೆ ಇಳಿಸುತ್ತೇನೆ.

ಕಳೆದ ವರ್ಷ ಹಾಲಮ್ಮಕ್ಕ ಅಂಗಡಿ ಮುಚ್ಚಿ, ಬೋರ್ಡು ತೆಗೆದು, ಕೊಕ್ಕನೂರಿನ ತಮ್ಮನ ಮನೆಗೆ ಹೋದಳು. ವಯಸ್ಸಾಯಿತು, ಸಾಕು ಅಂದಳು. ಎಂಟು ತಿಂಗಳ ಮೇಲೆ ಅವಳ ತಮ್ಮ ಫೋನ್ ಮಾಡಿ, "ಅಕ್ಕ ನೀವು ಬರ್ಬೇಕು ಅಂದಾಳೆ," ಅಂದರು.

ಹೋದೆ. ಪಡಸಾಲೆಯಲ್ಲಿ ಮಷಿನ್ನಿನ ಪಕ್ಕ ಕೂತಿದ್ದಳು. ಗುರುತು ಹಿಡಿಯಲು ನನಗೆ ಒಂದು ಗಳಿಗೆ ಬೇಕಾಯಿತು. ಗಟ್ಟಿಮುಟ್ಟು ಮೈಯೆಲ್ಲಾ ಎಲ್ಲಿ ಹೋಯಿತೋ. "ಡಾಕ್ಟರಮ್ಮನಿಗೆ ತೋರಿಸಿದ್ರಾ?" ಅಂದೆ.

"ಮೊದಲ ವಾರದಾಗೇ ತೋರಿಸ್ದೆ. ಎಲ್ಲಿಗೆ ಹೋಗು ಅಂದ್ರೋ ಅಲ್ಲಿಗೆಲ್ಲಾ ಹೋದೆ. ಹೊಟ್ಟೆಯೊಳಗಿಂದು. ಟೇಪಿಗೆ ಸಿಗೋ ಜಾಗ ಅಲ್ಲ ಅದು. ಎಲ್ಲಾ ಸರಿಯಾಗಿ ಮಾಡಿದೀನ್ರಿ, ಯಾರ ತಪ್ಪೂ ಇಲ್ಲ," ಅಂದಳು. ಅಳುವವಳು ನಾನು, ಸಮಾಧಾನವಾಗಿ ಇದ್ದವಳು ಆಕೆ.

ಮಷಿನ್ನಿನ ಮೇಲೆ ಬಿಳಿಯ ಮೇಲೆ ಸಣ್ಣ ನೀಲಿ ಹೂವಿನ ಬಟ್ಟೆ ಇತ್ತು. ತನಗೊಂದು ಜಂಪರ್ ಹೊಲಿದುಕೊಳ್ಳಬೇಕು, ಇರುವುದೆಲ್ಲಾ ಜೋಲಾಡುತ್ತಿದೆ ಅಂದಳು. "ಹೋಗೋವಾಗ ನಮ್ಮೋರಾಗೆ ಹೆಣಾನ ಕೂಡಿಸ್ತಾರಲ್ಲ, ಊರೆಲ್ಲಾ ನೋಡ್ತಾರೆ. ಟೈಲರ್ ಹಾಲಮ್ಮ ಸಡಿಲ ಜಂಪರ್ ಹಾಕ್ಕೊಂಡು ಕೂತಾಳೆ ಅನಿಸ್ಕೊಳ್ಳಾಕೆ ನಂಗೆ ಮನಸಿಲ್ಲ. ಕತ್ತರಿಸೋದು, ಹೊಲಿಯೋದು ನಾ ಮಾಡ್ತೀನಿ. ತನ್ನ ಮೈ ತಾನು ಅಳೆಯಾಕೆ ಬರಲ್ಲ, ಎರಡನೇ ಕೈ ಬೇಕು. ಇಷ್ಟು ವರ್ಷ ಡ್ರಿಲ್ ಮೇಡಂ ಅಳೀತಿದ್ರು, ಅವರಿಗೀಗ ಕಣ್ಣು ಕಾಣವಲ್ದು. ಅದಕ್ಕೆ ನಿಮಗೆ ಹೇಳಿ ಕಳಿಸ್ದೆ."

"ನನಗೆ ಬರೋದಿಲ್ಲ ಹಾಲಮ್ಮಕ್ಕ. ಇಲ್ಲೇ ಯಾರಾದ್ರೂ..."

"ನಂಬಿಕಸ್ತರು ಬೇಕ್ರಿ," ಅಂದಳು.

ಕೊರಳಿಂದ ಟೇಪು ತೆಗೆದು ನನ್ನ ಕೈಗೆ ಕೊಟ್ಟಳು. ಗೋಡೆ ಹಿಡಿದು ನಿಂತಳು. ಬೆರಳು ಎಲ್ಲಿಡಬೇಕು, ಎಷ್ಟು ಬಿಗಿ ಹಿಡಿಯಬೇಕು ಅಂತ ಆಕೆಯೇ ಹೇಳಿದಳು. ಬೆನ್ನ ಹಿಂದಿನಿಂದ ಟೇಪು ತಂದು ಎದೆ ಸುತ್ತಿದೆ. ಆಕೆಯ ಪುಟದ ಹಳೆಯ ಸಾಲಿನಲ್ಲಿ ಮೂವತ್ತಾರು ಅಂತ ಇತ್ತು. ನನ್ನ ಕೈಯಲ್ಲಿ ಟೇಪು ಇಪ್ಪತ್ತೇಳೂವರೆಗೆ ಬಂದು ನಿಂತಿತು.

"ಎಷ್ಟು?" ಅಂದಳು, ಪೆನ್ಸಿಲ್ ಹಿಡಿದುಕೊಂಡು.

"ಮೂವತ್ತು," ಅಂದೆ.

ಆಕೆ ಬರೆಯಲಿಲ್ಲ. ತಿರುಗಿಯೂ ನೋಡಲಿಲ್ಲ. "ಟೇಪು ಎಲ್ಲಿಗೆ ಬಂತು ಅಂತ ನನ್ನ ಮೈಗೆ ಗೊತ್ತಾಗಲ್ಲೇನ್ರಿ? ನಿಮಗೆ ನಾ ಒಂದು ಸಲನಾದ್ರೂ ಸುಳ್ಳು ಅಳತೆ ಹೇಳಿದೀನಾ? ಮತ್ತೆ ನೋಡಿ ಹೇಳ್ರಿ."

ಟೇಪು ಬಿಡಿಸಿ ಮತ್ತೆ ಸುತ್ತಿದೆ. ಮತ್ತೆ ನೋಡಿದೆ. ಅಷ್ಟೇ ಇತ್ತು.

"ಇಪ್ಪತ್ತೇಳೂವರೆ, ಅಕ್ಕ," ಅಂದೆ.

"ಹಾಂ," ಅಂದಳು. ಬರೆದುಕೊಂಡಳು. "ಈಗ ತೋಳು. ಎಡಗಡೆ ಮೊದಲು."

ಮೂರು ವಾರ ಕಳೆದು ಮತ್ತೆ ಫೋನ್ ಬಂತು. ನಾನು, ಮನೆಯವರು, ಸುನಂದ ಹೋದೆವು. ವಿನೋಬನಗರದ ಹೆಂಗಸರು ಎರಡು ಆಟೋ ಮಾಡಿಕೊಂಡು ಬಂದಿದ್ದರು. ಹಾಲಮ್ಮಕ್ಕನನ್ನು ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ ಕೂಡಿಸಿದ್ದರು, ಹಣೆಗೆ ವಿಭೂತಿ, ಕೊರಳಿಗೆ ಹೂವು. ಎಲ್ಲರೂ ಮುಖ ನೋಡಿ ಅಳುತ್ತಿದ್ದರು. ನಾನು ಹತ್ತಿರ ಹೋಗಿ ಹೆಗಲು ನೋಡಿದೆ, ತೋಳು ನೋಡಿದೆ, ಕಂಕುಳಿನ ಹತ್ತಿರ ನೋಡಿದೆ. ನೀಲಿ ಹೂವಿನ ಬ್ಲೌಸು ಎಲ್ಲೂ ಒಂದೆಳೆ ಸಡಿಲ ಇರಲಿಲ್ಲ.